"ಹೋಗ್ಲಿ ಬಿಡಿ" ಅಂದಾಗ ಅವರು ಹೇಳಿದ್ದೇನು? ಥೆರಪಿಯ ಮಾತನ್ನು ಓದುವ ದಾರಿಗಳು

ಕೌನ್ಸೆಲಿಂಗ್ ಕೋಣೆಯಲ್ಲಿ ಆಡಿದ ಮಾತಿನ ರೆಕಾರ್ಡಿಂಗ್‌ಗಳನ್ನು ಬರಹಕ್ಕೆ ಇಳಿಸುವ ಕೆಲಸವನ್ನು ನಾನು ಕೆಲವು ಕಾಲ ಮಾಡಿದ್ದೆ. ಸಂಶೋಧನೆ ಮಾಡುವವರಿಗೆ ಅದು ಬೇಕಿತ್ತು. ನನಗೆ ಕನ್ನಡ, ತುಳು, ಹವ್ಯಕ (ಕನ್ನಡದ್ದೇ ಒಂದು ಉಪಭಾಷೆ), ಮಲಯಾಳ ನಾಲ್ಕೂ ಬರುತ್ತಿತ್ತು. ಕಾಸರಗೋಡಿನಲ್ಲಿ, ಅದರಲ್ಲೂ ಬದಿಯಡ್ಕ, ಪೆರ್ಲದ ಕಡೆ ಹುಟ್ಟಿ ಬೆಳೆದವರಿಗೆ ಇದು ದೊಡ್ಡ ಸಂಗತಿಯೇನಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಸರ್ಕಾರಿ ಆಫೀಸಿನಲ್ಲಿ ಇನ್ನೊಂದು ಭಾಷೆ ಮಾತಾಡುತ್ತಲೇ ದೊಡ್ಡವರಾಗಿರುತ್ತೇವೆ.

ಒಂದು ರೆಕಾರ್ಡಿಂಗ್‌ನಲ್ಲಿ ಹವ್ಯಕ ಮಾತಾಡುವ ಒಬ್ಬರು ತಾಯಿಯ ವಿಷಯ ಹೇಳುತ್ತಿದ್ದರು. "ಅಬ್ಬೆ ಹೇಳಿತ್ತು, ಅದಕ್ಕೆ ಬೇಜಾರಾತು" ಎಂಬಂಥ ಮಾತು. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದೆ. ಅದನ್ನು ದೂರದ ಊರಿನಲ್ಲಿ ಯಾರೋ ಇಂಗ್ಲಿಷಿಗೆ ತಂದರು. ಇಂಗ್ಲಿಷ್ ಪ್ರತಿಯನ್ನು ಮಾತ್ರ ಓದಿದ ಇನ್ನೊಬ್ಬರು ಅಂಚಿನಲ್ಲಿ ಒಂದು ಟಿಪ್ಪಣಿ ಹಾಕಿದರು: ಈ ವ್ಯಕ್ತಿ ತಾಯಿಯನ್ನು ಒಂದು ವಸ್ತುವಿನ ಹಾಗೆ ನೋಡುತ್ತಾರೆ, ಸಂಬಂಧದಲ್ಲಿ ಬಹಳ ದೂರ ಇದೆ ಅಂತ.

ಹವ್ಯಕದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕದಲ್ಲೇ ಬರುತ್ತದೆ. ಅಕ್ಕ ಬಂತು, ಅಬ್ಬೆ ಹೇಳಿತ್ತು. ಅದರಲ್ಲಿ ಅಗೌರವವೂ ಇಲ್ಲ, ದೂರವೂ ಇಲ್ಲ. ಪ್ರೀತಿಯಿಂದ ಹೇಳಿದರೂ ಹಾಗೆಯೇ ಹೇಳುವುದು. ಆ ಟಿಪ್ಪಣಿ ಓದಿ ನನಗೆ ನಿಜವಾಗಿ ಸಂಕಟವಾಯಿತು. ಒಬ್ಬ ಮನುಷ್ಯ ಮನಸ್ಸು ಬಿಚ್ಚಿ ಆಡಿದ ಮಾತು, ವ್ಯಾಕರಣದ ಒಂದು ಸಣ್ಣ ತಿರುವಿನಲ್ಲಿ ಪೂರ್ತಿ ಬೇರೆ ಅರ್ಥವಾಗಿಬಿಟ್ಟಿತ್ತು. ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕದೆ ಬಿಟ್ಟದ್ದು ನನ್ನ ತಪ್ಪು.

ಅಲ್ಲಿಂದ ಮುಂದೆ, ಥೆರಪಿಯ ಮಾತನ್ನು ಯಾವ್ಯಾವ ರೀತಿಯಲ್ಲಿ ವಿಶ್ಲೇಷಣೆ ಮಾಡುತ್ತಾರೆ ಎಂದು ಹುಡುಕಿ ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಈ ಪದ್ಧತಿಗಳೆಲ್ಲ ನೋಡುವುದು ಮಾತಿನ ಸಾರಾಂಶವನ್ನಲ್ಲ, ಮಾತು ಆಡಿದ ರೀತಿಯನ್ನು. ಆ ರೀತಿ ಇರುವುದು ಆಡಿದವರ ಭಾಷೆಯಲ್ಲಿ ಮಾತ್ರ.

ನೆನಪಿನಿಂದ ರೆಕಾರ್ಡಿಂಗ್‌ಗೆ

ಮೊದಲು ಸ್ವಲ್ಪ ಹಿಂದಿನ ಕಥೆ. ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ ಕಾಲದಲ್ಲಿ ಥೆರಪಿಯ ಮಾತನ್ನು ರೆಕಾರ್ಡಿಂಗ್ ಮಾಡುವ ರೂಢಿ ಇರಲಿಲ್ಲ. ರೋಗಿ ಮಾತಾಡುವಾಗ ಬರೆದುಕೊಳ್ಳಲೂ ಬಾರದು, ಬರೆಯುತ್ತಾ ಕೂತರೆ ಕಿವಿ ತನಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ ಎಂದು ಅವರು 1912ರಲ್ಲಿ ಬರೆದರು. ದಿನದ ಕೆಲಸ ಮುಗಿದ ಮೇಲೆ ಸಂಜೆ ನೆನಪಿನಿಂದ ಬರೆಯುವುದು ಅವರ ಕ್ರಮ. ನೆನಪಿನಲ್ಲಿ ಕಥೆ ಉಳಿಯುತ್ತದೆ, ನಿಜ. ಆದರೆ ಮೌನ, ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ ಇವೆಲ್ಲ ಸೋರಿ ಹೋಗುತ್ತವೆ.

1940ರ ಆಸುಪಾಸಿನಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಾರ್ಲ್ ರೋಜರ್ಸ್ ಈ ಕೋಣೆಗೆ ರೆಕಾರ್ಡಿಂಗ್ ಯಂತ್ರ ತಂದರು. ಆಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಕೆಲವೇ ನಿಮಿಷದ ಮಾತು. ಆದರೂ ಪಟ್ಟು ಬಿಡದೆ ಮಾಡಿದರು. 1942ರಲ್ಲಿ ಬಂದ ಅವರ ಪುಸ್ತಕದಲ್ಲಿ, ಹರ್ಬರ್ಟ್ ಬ್ರಯಾನ್ ಎಂದು ಹೆಸರು ಬದಲಿಸಿದ ಒಬ್ಬರ ಎಂಟು ಭೇಟಿಗಳ ಮಾತು ಮೊದಲಿನಿಂದ ಕೊನೆಯವರೆಗೆ ಅಚ್ಚಾಯಿತು. ಥೆರಪಿಸ್ಟ್ ಏನು ಹೇಳಿದರು, ಎದುರಿನವರು ಏನೆಂದರು, ಯಾರು ಬೇಕಾದರೂ ಓದಿ ನೋಡಬಹುದು. ಬಾಗಿಲು ಮುಚ್ಚಿದ ಕೋಣೆಯ ಮಾತನ್ನು ಪರೀಕ್ಷೆ ಮಾಡಬಹುದು ಎಂಬ ಧೈರ್ಯ ಬಂದದ್ದು ಇಂಥ ಕೆಲಸದಿಂದ.

ಆಮೇಲೆ ಈ ಓದು ಎಷ್ಟು ಸೂಕ್ಷ್ಮವಾಯಿತು ಎಂದರೆ, 1960ರಲ್ಲಿ ಒಂದು ಭೇಟಿಯ ಮೊದಲ ಐದು ನಿಮಿಷದ ಮೇಲೆಯೇ ಒಂದು ಇಡೀ ಪುಸ್ತಕ ಬಂತು. 1977ರಲ್ಲಿ ವಿಲಿಯಂ ಲಬೋವ್ ಮತ್ತು ಡೇವಿಡ್ ಫ್ಯಾನ್‌ಶೆಲ್ ಹದಿನೈದು ನಿಮಿಷದ ಮಾತಿನ ಮೇಲೆ ಇನ್ನೊಂದು ಬರೆದರು. ಅದರಲ್ಲಿ ರೋಡಾ ಎಂದು ಹೆಸರಿಟ್ಟ ಯುವತಿ ಒಂದು ಪ್ರಸಂಗ ಹೇಳುತ್ತಾಳೆ. ತಾಯಿ ಅಕ್ಕನ ಮನೆಗೆ ಹೋಗಿ ಕೂತಿದ್ದಾರೆ. ಇವಳು ಫೋನ್ ಮಾಡಿ "ನೀನು ಮನೆಗೆ ಬರುವುದು ಯಾವಾಗ?" ಎಂದು ಕೇಳುತ್ತಾಳೆ. ತಾಯಿ "ಯಾಕೆ?" ಎನ್ನುತ್ತಾರೆ. ಅಷ್ಟೇ. ಆದರೆ ಬಿಡಿಸಿ ನೋಡಿದರೆ, ಪ್ರಶ್ನೆ ಕೇಳಿದ್ದು ದಿನಾಂಕ ತಿಳಿಯಲು ಅಲ್ಲ. ಅದು "ಬಾ, ನನ್ನಿಂದ ಒಬ್ಬಳೇ ಆಗುವುದಿಲ್ಲ" ಎಂಬ ಬೇಡಿಕೆ. ತಾಯಿಯ "ಯಾಕೆ"ಯೂ ಬರೀ ಪ್ರಶ್ನೆಯಲ್ಲ, ಆ ಸೋಲನ್ನು ಮಗಳ ಬಾಯಿಂದಲೇ ಹೇಳಿಸುವ ಮಾತು. ನಮ್ಮ ಮನೆಗಳಲ್ಲಿ ದಿನಾ ನಡೆಯುವುದೂ ಇದೇ ಅಲ್ವಾ?

ಆರು ಸಾಲು ಮಾತು

ಪದ್ಧತಿಗಳನ್ನು ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದೇ ಮಾತುಕತೆಯನ್ನು ಇಟ್ಟುಕೊಂಡು ನೋಡುವುದು ಸುಲಭ. ಕೆಳಗಿನದ್ದು ನಾನೇ ಕಟ್ಟಿದ್ದು, ಯಾರ ರೆಕಾರ್ಡಿಂಗ್‌ನಿಂದಲೂ ತೆಗೆದದ್ದಲ್ಲ. ನಲವತ್ತು ದಾಟಿದ ಒಬ್ಬ ಹೆಂಗಸು ಮತ್ತು ಅವರಿಗಿಂತ ಚಿಕ್ಕ ಪ್ರಾಯದ ಸಮಾಲೋಚಕಿ ಎಂದುಕೊಳ್ಳಿ.

ಸಮಾಲೋಚಕಿ: ತೋಟ ಮಾರಿದ್ದು ನಿಮಗೆ ಹೇಗೆ ಗೊತ್ತಾಯ್ತು?

ಅಕ್ಕ: (3.0) ಪೇಟೆಯಲ್ಲಿ ಯಾರೋ ಹೇಳಿದ್ರು. ಅಣ್ಣ ಮಾರಿದನಂತೆ.

ಸಮಾಲೋಚಕಿ: ಪೇಟೆಯಲ್ಲಿ ಗೊತ್ತಾಯ್ತು.

ಅಕ್ಕ: ಹಾಂ. ಹೋಗ್ಲಿ ಬಿಡಿ. ಈಗ ಅದೆಲ್ಲ ಎಂತಕ್ಕೆ.

ಸಮಾಲೋಚಕಿ: ನಿಮ್ಮ ಹತ್ರ ಒಂದು ಮಾತು ಕೇಳ್ಲಿಲ್ಲ ಅಂತ ಬೇಜಾರಾಯ್ತಾ?

ಅಕ್ಕ: ಬೇಜಾರು ಅಂತಲ್ಲ... (ನಗು) ನಮ್ಮನ್ನು ಕೇಳುವವರು ಯಾರಿದ್ದಾರೆ. ಚಿಕ್ಕಂದಿನಿಂದಲೂ ಹಾಗೇ. ಒಳಗೆ ಏನೋ... ಉರಿದ ಹಾಗೆ ಆಗ್ತದೆ.

ಎರಡನೇ ಸಾಲಿನ ಮೊದಲಿಗೆ ಇರುವ (3.0) ಮೂರು ಸೆಕೆಂಡಿನ ಮೌನ. ಹೀಗೆ ಮೌನವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಳೆದು ಬರೆಯುವ ಕ್ರಮವನ್ನು ರೂಪಿಸಿದವರು ಗೇಲ್ ಜೆಫರ್ಸನ್. ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ ಚೌಕ ಕಂಸ, ಸ್ವರ ಎಳೆದರೆ ಎರಡು ಚುಕ್ಕೆ, ಮೆಲ್ಲಗೆ ಹೇಳಿದ್ದಕ್ಕೆ ಎರಡೂ ಬದಿಗೆ ಪುಟ್ಟ ಸೊನ್ನೆ. ನೋಡಲು ಸಂಗೀತದ ಸ್ವರಲಿಪಿಯ ಹಾಗೆ ಕಾಣುತ್ತದೆ. ಒಂದು ಗಂಟೆಯ ರೆಕಾರ್ಡಿಂಗನ್ನು ಹೀಗೆ ಬರೆಯಲು ನನಗೆ ಒಂದೊಂದು ಸಲ ಎರಡು ಪೂರ್ತಿ ದಿನ ಹಿಡಿದದ್ದುಂಟು.

ಆರಂಭದಲ್ಲಿ ನಾನು "ಹಾಂ", "ಮ್", ನಗು, ಕೆಮ್ಮು ಎಲ್ಲ ತೆಗೆದು, ವಾಕ್ಯ ಸರಿ ಮಾಡಿ, "ಕೇಳ್ಲಿಲ್ಲ" ಎಂಬುದನ್ನು "ಕೇಳಲಿಲ್ಲ" ಮಾಡಿ ಚೊಕ್ಕ ಕನ್ನಡದಲ್ಲಿ ಕೊಟ್ಟಿದ್ದೆ. ಪೂರ್ತಿ ವಾಪಸ್ ಬಂತು. ಅದು ಸರಿಯೇ. ಅಂಥ ಪ್ರತಿಯಲ್ಲಿ ಈ ಆರು ಸಾಲು ಹೀಗೆ ಉಳಿಯುತ್ತದೆ: ಅಣ್ಣ ತೋಟ ಮಾರಿದ್ದು ಪೇಟೆಯಲ್ಲಿ ತಿಳಿಯಿತು, ಬೇಸರವಾಯಿತು. ಆ ಅಕ್ಕ "ಬೇಸರವಾಯಿತು" ಎಂದು ಹೇಳಲೇ ಇಲ್ಲ, ನೋಡಿ.

ರೂಪ ಒಂದು, ಉದ್ದೇಶ ಒಂದು

ಒಂದು ಬಗೆಯ ಪದ್ಧತಿಯಲ್ಲಿ ಪ್ರತಿ ಮಾತಿಗೂ ಒಂದು ಚೀಟಿ ಅಂಟಿಸುತ್ತಾರೆ. ಇದನ್ನು ಕೋಡಿಂಗ್ ಎನ್ನುತ್ತಾರೆ. ವಿಲಿಯಂ ಸ್ಟೈಲ್ಸ್ ಎಂಬ ಮನಶ್ಶಾಸ್ತ್ರಜ್ಞರ ಪಟ್ಟಿಯಲ್ಲಿ ಎಂಟು ಚೀಟಿಗಳಿವೆ. ತನ್ನ ಒಳಗಿನದ್ದನ್ನು ಹೇಳುವುದು, ಹೊರಗಿನ ಮಾಹಿತಿ ಕೊಡುವುದು, ಪ್ರಶ್ನೆ ಕೇಳುವುದು, ಹೂಂಗುಟ್ಟುವುದು, ಸಲಹೆ ಕೊಡುವುದು, ಎದುರಿನವರ ವರ್ತನೆಗೆ ಅರ್ಥ ಹಚ್ಚುವುದು, ಒಪ್ಪುವುದೋ ಒಪ್ಪದಿರುವುದೋ, ಎದುರಿನವರ ಮಾತನ್ನೇ ಅವರಿಗೆ ಕನ್ನಡಿಯಾಗಿ ಹಿಡಿಯುವುದು.

ಇದರ ಜಾಣತನ ಇರುವುದು ಒಂದೇ ಮಾತಿಗೆ ಎರಡು ಸಲ ಚೀಟಿ ಹಾಕುವುದರಲ್ಲಿ. ಒಮ್ಮೆ ಮಾತಿನ ರೂಪಕ್ಕೆ, ಇನ್ನೊಮ್ಮೆ ಉದ್ದೇಶಕ್ಕೆ. "ಈಗ ಅದೆಲ್ಲ ಎಂತಕ್ಕೆ" ರೂಪದಲ್ಲಿ ಪ್ರಶ್ನೆ. ಉದ್ದೇಶದಲ್ಲಿ ಅಲ್ಲ, ಯಾರೂ ಅದಕ್ಕೆ ಉತ್ತರ ಕಾಯುವುದಿಲ್ಲ. ಹಾಗೆಯೇ ಸಮಾಲೋಚಕಿಯ "ಬೇಜಾರಾಯ್ತಾ?" ರೂಪದಲ್ಲಿ ಪ್ರಶ್ನೆಯಾದರೂ ಉದ್ದೇಶದಲ್ಲಿ ಕನ್ನಡಿ ಹಿಡಿಯುವ ಪ್ರಯತ್ನ. ಒಬ್ಬ ಥೆರಪಿಸ್ಟ್ "ನಾನು ಸಲಹೆ ಕೊಡುವುದೇ ಇಲ್ಲ" ಎಂದುಕೊಂಡಿರಬಹುದು. ಕೋಡಿಂಗ್ ಮಾಡಿ ನೋಡಿದರೆ "ನೀವು ಅಣ್ಣನ ಹತ್ತಿರ ಒಮ್ಮೆ ಮಾತಾಡಿ ನೋಡಬಹುದಲ್ಲ?" ಎಂಬಂಥ ಸಲಹೆಗಳು ಪ್ರಶ್ನೆಯ ಅಂಗಿ ಹಾಕಿಕೊಂಡು ಸಾಲಾಗಿ ಕೂತಿರುತ್ತವೆ.

ಚೀಟಿ ಹಾಕುವವರು ಇಬ್ಬರಾದರೂ ಇರಬೇಕು, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಬಾರದು. ಆಮೇಲೆ ಹೋಲಿಸುತ್ತಾರೆ. ಇಲ್ಲಿ ಒಂದು ಲೆಕ್ಕ ಇದೆ, ಇದನ್ನು ತಿಳಿದುಕೊಂಡರೆ ಬಹಳಷ್ಟು ಪತ್ರಿಕಾ ಸುದ್ದಿಗಳನ್ನೂ ಎಚ್ಚರದಿಂದ ಓದಬಹುದು. ನೂರು ಮಾತುಗಳಲ್ಲಿ ಇಬ್ಬರೂ ಎಂಬತ್ತಕ್ಕೆ "ಮಾಹಿತಿ", ಇಪ್ಪತ್ತಕ್ಕೆ "ಭಾವನೆ" ಎಂದು ಹಾಕಿದರು ಎನ್ನಿ. 84 ಕಡೆ ಇಬ್ಬರ ಚೀಟಿ ಒಂದೇ ಬಂತು. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಇಬ್ಬರೂ ಕಣ್ಣು ಮುಚ್ಚಿ ಅದೇ ಪ್ರಮಾಣದಲ್ಲಿ ಸುಮ್ನೆ ಅಂಟಿಸಿದ್ದರೂ 68 ಕಡೆ ಹೊಂದಿಕೆ ಬರುತ್ತಿತ್ತು. ಎಂಬತ್ತರಲ್ಲಿ ಶೇಕಡಾ ಎಂಬತ್ತು ಪಾಲು 64, ಇಪ್ಪತ್ತರಲ್ಲಿ ಶೇಕಡಾ ಇಪ್ಪತ್ತು ಪಾಲು 4, ಒಟ್ಟು 68. ಹಾಗಾಗಿ ಅದೃಷ್ಟದ ಪಾಲು ಕಳೆದರೆ, ಸಿಗಬಹುದಾಗಿದ್ದ 32ರಲ್ಲಿ ನಿಜವಾಗಿ ಸಿಕ್ಕಿದ್ದು 16. ಅಂದರೆ ಅರ್ಧ. ಜೇಕಬ್ ಕೋಹನ್ 1960ರಲ್ಲಿ ಕೊಟ್ಟ ಈ ಅಳತೆಗೆ ಕಪ್ಪಾ ಎಂದು ಹೆಸರು. ನಮ್ಮ ಉದಾಹರಣೆಯಲ್ಲಿ ಕಪ್ಪಾ 0.5.

ಒಂದೇ ಕಥೆ ಮತ್ತೆ ಮತ್ತೆ

ಇನ್ನೊಂದು ಪದ್ಧತಿ ಬಿಡಿ ಮಾತನ್ನು ಬಿಟ್ಟು, ಮಾತಿನ ನಡುವೆ ಬರುವ ಪುಟ್ಟ ಕಥೆಗಳನ್ನು ಹೆಕ್ಕುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೆಸ್ಟರ್ ಲುಬೋರ್ಸ್ಕಿ 1977ರಲ್ಲಿ ಇದನ್ನು ಮುಂದಿಟ್ಟರು. ಯಾರಾದರೂ ಇನ್ನೊಬ್ಬರ ಜೊತೆಗಿನ ಒಂದು ಘಟನೆ ಹೇಳಿದರೆ ಅದರಲ್ಲಿ ಮೂರನ್ನು ಹುಡುಕಬೇಕು. ನನಗೆ ಏನು ಬೇಕಿತ್ತು? ಅವರು ಏನು ಮಾಡಿದರು? ಆಗ ನಾನು ಏನಾದೆ? ಸಾಮಾನ್ಯವಾಗಿ ಹತ್ತು ಕಥೆಯಾದರೂ ಸಿಕ್ಕಿದ ಮೇಲೆ, ಯಾವ ಜೋಡಣೆ ಮತ್ತೆ ಮತ್ತೆ ಬರುತ್ತದೆ ಎಂದು ನೋಡುತ್ತಾರೆ.

ನಮ್ಮ ಅಕ್ಕನ ತೋಟದ ಕಥೆಯಲ್ಲಿ: ನನ್ನನ್ನೂ ಒಂದು ಮಾತು ಕೇಳಬೇಕಿತ್ತು, ಅಣ್ಣ ಕೇಳಲಿಲ್ಲ, ನಾನು ಸುಮ್ಮನಾದೆ. ಮುಂದಿನ ವಾರ ಅವರು ಮಗಳ ಮದುವೆಯ ವಿಷಯ ಎತ್ತುತ್ತಾರೆ ಎನ್ನಿ. ದಿನ ನಿಶ್ಚಯವಾದದ್ದು ಮದುವೆ ಕಾಗದ ಅಚ್ಚಾದ ಮೇಲೆ ತಿಳಿಯಿತು, ಹೋಗಲಿ ಎಂದು ಬಿಟ್ಟರು. ಇನ್ನೊಂದು ವಾರ ಕೆಲಸದ ಜಾಗದ ಒಂದು ಕಥೆ, ಅಲ್ಲೂ ಇದೇ. ಮೂರು ಬೇರೆ ಜನ, ಮೂರು ಬೇರೆ ಊರು, ಆದರೆ ಹೊಲಿಗೆ ಒಂದೇ.

ಲುಬೋರ್ಸ್ಕಿಯವರ ಪದ್ಧತಿ ನನಗೆ ಇಷ್ಟವಾಗುವುದು ಇಲ್ಲಿಂದ ಮುಂದಿನ ಹೆಜ್ಜೆಗಾಗಿ. ಈ ಹೊಲಿಗೆ ಕೋಣೆಯ ಹೊರಗೆ ಮಾತ್ರ ಇರುವುದಿಲ್ಲ, ಥೆರಪಿಸ್ಟ್ ಜೊತೆಗೂ ಬರುತ್ತದೆ. ಒಂದು ದಿನ ಅಕ್ಕ ಬಂದು "ಮುಂದಿನ ವಾರದ ಟೈಮ್ ಬದಲಿಸಿದ್ರಂತೆ, ಹೊರಗೆ ಹೇಳಿದ್ರು. ಹೋಗ್ಲಿ ಬಿಡಿ" ಎನ್ನಬಹುದು. ಅಣ್ಣ ಮಾರಿದನಂತೆ. ನೀವು ಬದಲಿಸಿದ್ರಂತೆ. ಎರಡರಲ್ಲೂ ಅದೇ "ಅಂತೆ". ನೇರ ಹೇಳದೆ ಬೇರೆಯವರ ಬಾಯಿಂದ ತಿಳಿದದ್ದು ಎಂಬ ಗಾಯ ಇಡೀ ಕೂತಿರುವುದು ಆ ಒಂದು ಪ್ರತ್ಯಯದಲ್ಲಿ. ಜೆರೆಮಿ ಸಾಫ್ರಾನ್ ಮತ್ತು ಕ್ರಿಸ್ಟೋಫರ್ ಮುರಾನ್ ಥೆರಪಿಸ್ಟ್ ಮತ್ತು ಬಂದವರ ನಡುವಿನ ನಂಟು ಬಿರಿಯುವ ಕ್ಷಣಗಳನ್ನು ಗುರುತಿಸುವ ಕೆಲಸ ಮಾಡಿದ್ದಾರೆ. ಬಿರುಕು ಎರಡು ಬಗೆ ಎನ್ನುತ್ತಾರೆ: ಎದುರು ನಿಂತು ಸಿಟ್ಟು ತೋರಿಸುವುದು, ಹಿಂದೆ ಸರಿದು ಮುಚ್ಚಿಕೊಳ್ಳುವುದು. ನಮ್ಮ "ಹೋಗ್ಲಿ ಬಿಡಿ" ಎರಡನೆಯದು. ಮರ್ಯಾದೆಯಿಂದ ಹೇಳುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ.

ತಾಳಮದ್ದಳೆ ಕೇಳುವವರಿಗೆ ಗೊತ್ತಿರುವ ವಿದ್ಯೆ

ನಮ್ಮ ಕಡೆ ರಾತ್ರಿ ತಾಳಮದ್ದಳೆ ಮುಗಿಸಿ ಮನೆಗೆ ಹೋಗುವಾಗ ಹಿರಿಯರು ಮಾತಾಡುವುದನ್ನು ಕೇಳಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಆ ಮಾತೂ ಮೊದಲೇ ಬರೆದಿಟ್ಟದ್ದಲ್ಲ, ಕೂತಲ್ಲೇ ಹುಟ್ಟುವುದು. ಹಾಗಾಗಿ ಕೇಳುವವರ ಕಿವಿ ಎರಡು ಮಾತಿನ ನಡುವಿನ ಜಾಗದಲ್ಲಿರುತ್ತದೆ. "ಕೌರವ ಕೇಳಿದ ಪ್ರಶ್ನೆಗೆ ಕೃಷ್ಣ ಉತ್ತರ ಕೊಡ್ಲೇ ಇಲ್ಲ ಮಾರಾಯ್ರೆ, ತಿರುಗಿ ಒಂದು ಪ್ರಶ್ನೆ ಹಾಕಿದ. ಅಲ್ಲಿ ಕೌರವನ ದಾರಿ ಮುಚ್ಚಿತು." ಇದು ಸಂಭಾಷಣಾ ವಿಶ್ಲೇಷಣೆ. ಹೆಸರು ಮಾತ್ರ ಇಲ್ಲ.

ಹೆಸರು ಕೊಟ್ಟು ಶಾಸ್ತ್ರ ಮಾಡಿದವರು ಹಾರ್ವಿ ಸ್ಯಾಕ್ಸ್. 1960ರ ದಶಕದಲ್ಲಿ ಅವರು ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬರುತ್ತಿದ್ದ ಫೋನ್ ಕರೆಗಳ ರೆಕಾರ್ಡಿಂಗ್ ಕೇಳುತ್ತಿದ್ದರು. ಅಲ್ಲಿನ ಸಿಬ್ಬಂದಿ ಮೊದಲು ತಮ್ಮ ಹೆಸರು ಹೇಳಿದರೆ, ಕರೆ ಮಾಡಿದವರೂ ಸಾಮಾನ್ಯವಾಗಿ ಹೆಸರು ಹೇಳುತ್ತಿದ್ದರು. ಒಂದು ಕರೆಯಲ್ಲಿ ಸಿಬ್ಬಂದಿ ಸ್ಮಿತ್ ಎಂದು ಹೇಳಿದಾಗ ಎದುರಿನಿಂದ ಬಂದ ಮಾತು "ನನಗೆ ಕೇಳಿಸುತ್ತಿಲ್ಲ". ಸ್ಮಿತ್ ಮತ್ತೆ ಹೇಳಿದರು. ಆ ವ್ಯಕ್ತಿ "ಸ್ಮಿತ್" ಎಂದು ಅವರ ಹೆಸರನ್ನೇ ತಿರುಗಿ ಹೇಳಿದರೇ ಹೊರತು ತಮ್ಮದನ್ನು ಕೊಡಲಿಲ್ಲ. ಸ್ಯಾಕ್ಸ್ ಕೇಳಿಕೊಂಡ ಪ್ರಶ್ನೆ: ಈ ಮನುಷ್ಯ ಹೆಸರು ಹೇಳುವುದನ್ನು ತಪ್ಪಿಸಿದ್ದು ಯಾವ ಕ್ಷಣದಲ್ಲಿ? ಹೆಸರು ಬರಬೇಕಾದ ಜಾಗದಲ್ಲಿ "ಕೇಳಿಸುತ್ತಿಲ್ಲ" ಎಂಬುದನ್ನು ಇಟ್ಟಾಗಲೇ ಆ ಕೆಲಸ ಆಗಿಹೋಗಿತ್ತು. ನಿರಾಕರಿಸದೆಯೇ ನಿರಾಕರಿಸಿದ್ದರು.

ಈ ಕಣ್ಣಿನಿಂದ ನಮ್ಮ ಆರು ಸಾಲು ನೋಡಿ. ಸಮಾಲೋಚಕಿ "ಪೇಟೆಯಲ್ಲಿ ಗೊತ್ತಾಯ್ತು" ಎಂದು ಅವರ ಮಾತನ್ನೇ ಇಳಿದನಿಯಲ್ಲಿ ತಿರುಗಿ ಇಟ್ಟರು. ಅದು ಒಂದು ಕರೆ, ಇನ್ನೂ ಹೇಳಿ ಎಂಬ ಜಾಗ. ಅಕ್ಕ ಆ ಜಾಗದಲ್ಲಿ "ಹಾಂ" ಎಂದು ಒಪ್ಪಿ, ಕೂಡಲೇ "ಹೋಗ್ಲಿ ಬಿಡಿ" ಎಂದು ಬಾಗಿಲು ಎಳೆದರು. ಎರಡನೇ ಸಲ ಸಮಾಲೋಚಕಿ ಭಾವನೆಗೆ ಹೆಸರು ಇಟ್ಟರು, ಬೇಜಾರು ಅಂತ. ಅದಕ್ಕೆ "ಇಲ್ಲ" ಎಂದು ನೇರ ಬರಲಿಲ್ಲ. ನಮ್ಮಲ್ಲಿ ಎದುರಿನವರ ಮಾತನ್ನು ತಳ್ಳುವಾಗ ಮೊದಲು ತಡ ಮಾಡುತ್ತೇವೆ, ಮೆದು ಮಾಡುತ್ತೇವೆ. "ಬೇಜಾರು ಅಂತಲ್ಲ" ಎಂಬುದು ಆ ಮೆದು. ಆದರೆ ಅದು ಬರೀ ತಳ್ಳುವುದಲ್ಲ. ನೀವು ಕೊಟ್ಟ ಪದ ಸರಿಯಾಗಿ ಕೂರುವುದಿಲ್ಲ, ತಡೆಯಿರಿ, ಬೇರೆ ಪದ ಹುಡುಕುತ್ತೇನೆ ಎಂಬ ಸೂಚನೆಯೂ ಹೌದು. ಪದ ಸಿಕ್ಕಿದ್ದು ಕೊನೆಗೆ: ಉರಿದ ಹಾಗೆ.

ಹಾಗಿದ್ದರೆ ಸಮಾಲೋಚಕಿಯ ಊಹೆ ತಪ್ಪಾದದ್ದು ಸೋಲೇ? ನನಗೆ ಹಾಗನ್ನಿಸುವುದಿಲ್ಲ. ತಪ್ಪು ಪದ ಎದುರಿಗೆ ಇದ್ದುದರಿಂದಲೇ ಅವರು ಸರಿ ಪದದ ಕಡೆ ಹೋದರು. ಸಂಭಾಷಣಾ ವಿಶ್ಲೇಷಣೆಯ ಮೂಲ ನಿಯಮವೇ ಇದು. ಒಂದು ಮಾತು ಏನು ಮಾಡಿತು ಎಂದು ತಿಳಿಯಬೇಕಾದರೆ ಅದರ ಮುಂದಿನ ಮಾತನ್ನು ನೋಡಬೇಕು. ಫಿನ್ಲೆಂಡಿನ ಅನ್ಸಿ ಪೆರಾಕುಲಾ ಮತ್ತು ಅವರ ಜೊತೆಯವರು ಥೆರಪಿಯ ರೆಕಾರ್ಡಿಂಗ್‌ಗಳನ್ನು ವರ್ಷಗಟ್ಟಲೆ ಹೀಗೆ ಓದಿದ್ದಾರೆ.

ಆ ನಗುವನ್ನೂ ಬಿಡಬೇಡಿ. ತಮಾಷೆ ಏನೂ ಇಲ್ಲದ ಕಡೆ, ನೋವಿನ ಮಾತಿನ ಬಾಗಿಲಲ್ಲಿ ಅದು ಬಂದಿದೆ. ಎದುರಿನವರೂ ನಕ್ಕರೆ ಮಾತು ಅಲ್ಲಿಗೇ ಹಗುರಾಗಿ ಹಾರಿಹೋಗುತ್ತದೆ. ನಗದೆ ಕಾದರೆ ಮುಂದಿನ ಮಾತು ಬರುತ್ತದೆ. ಇಲ್ಲಿ ಸಮಾಲೋಚಕಿ ಕಾದರು.

ಪದಕ್ಕಾಗಿ ತಡಕಾಡುವುದು

ಯೂಜೀನ್ ಜೆಂಡ್ಲಿನ್ ರೋಜರ್ಸ್ ಜೊತೆ ಕೆಲಸ ಮಾಡಿದವರು. ಥೆರಪಿಯಿಂದ ಪ್ರಯೋಜನ ಪಡೆದವರು ಮಾತಾಡುವ ರೀತಿಯೇ ಬೇರೆ ಇರುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಅಂಥವರು ಪಟಪಟ ಮಾತಾಡುವುದಿಲ್ಲ. ನಿಲ್ಲುತ್ತಾರೆ, ಒಳಗೆ ನೋಡುತ್ತಾರೆ, "ಅದಲ್ಲ, ಹೇಗೆ ಹೇಳುವುದು" ಎನ್ನುತ್ತಾರೆ. 1969ರಲ್ಲಿ ಮಾರ್ಜರಿ ಕ್ಲೈನ್ ಮತ್ತು ಜೊತೆಯವರು ಇದಕ್ಕೆ ಏಳು ಮೆಟ್ಟಿಲಿನ ಒಂದು ಅಳತೆ ಮಾಡಿದರು. ಕೆಳಗಿನ ಮೆಟ್ಟಿಲಲ್ಲಿ ಬರೀ ಹೊರಗಿನ ಘಟನೆ: ಅಣ್ಣ ಮಾರಿದನಂತೆ. ನಡುವಿನಲ್ಲಿ ತನ್ನೊಳಗೆ ಏನಾಗುತ್ತಿದೆ ಎಂಬ ವಿವರ. ಮೇಲೆ ಹೋದ ಹಾಗೆ ಹೊಸ ಅರಿವು ಅಲ್ಲೇ, ಆ ಮಾತಿನಲ್ಲೇ ಹುಟ್ಟುತ್ತದೆ. "ಒಳಗೆ ಏನೋ... ಉರಿದ ಹಾಗೆ" ನಾಲ್ಕನೇ ಮೆಟ್ಟಿಲಿನ ಹತ್ತಿರ ಎಂದು ನನ್ನ ಅಂದಾಜು. ಆರು ಸಾಲಿನಲ್ಲಿ ಅಷ್ಟು ದೂರ ಬಂದದ್ದು ಸಣ್ಣದಲ್ಲ.

ಕುಡಿತ ಬಿಡಿಸುವ ಕೇಂದ್ರಗಳಲ್ಲಿ ಬಳಸುವ ಮಾತುಕತೆಯ ಪದ್ಧತಿಯಲ್ಲಿ ಇನ್ನೊಂದು ಅಳತೆ ಇದೆ. ಬದಲಾವಣೆಯ ಕಡೆ ವಾಲುವ ಮಾತು ಎಷ್ಟು, ಇದ್ದಲ್ಲೇ ಇರುವ ಕಡೆ ವಾಲುವ ಮಾತು ಎಷ್ಟು ಎಂದು ನೋಡುವುದು. "ಬಿಡಬೇಕು ಅಂತ ಉಂಟು", "ಬಿಡಬಹುದು", "ಬಿಡ್ತೇನೆ", "ನಾಳೆಯಿಂದ ಆ ದಾರಿಯಲ್ಲಿ ಹೋಗುವುದಿಲ್ಲ". ನಾಲ್ಕರ ತೂಕವೂ ಬೇರೆ. ಪಾಲ್ ಆಮ್ರೈನ್ ಮತ್ತು ಜೊತೆಯವರು 2003ರಲ್ಲಿ ಮಾದಕ ವಸ್ತು ಬಳಸುವವರ ಭೇಟಿಗಳನ್ನು ಓದಿ ಕಂಡುಕೊಂಡದ್ದು ಇದು: ಬಿಡುವ ಆಸೆಯ ಮಾತಿಗಿಂತ, ಬಿಡುತ್ತೇನೆ ಎಂಬ ನಿರ್ಧಾರದ ಮಾತು ಭೇಟಿಯ ಕೊನೆಗೆ ಬರುವಾಗ ಗಟ್ಟಿಯಾಗುತ್ತಾ ಹೋಗಿದೆಯೇ ಎಂಬುದು ಮುಂದಿನ ದಿನಗಳನ್ನು ಹೇಳುತ್ತಿತ್ತು.

ಎಣಿಸುವ ಯಂತ್ರ, ನಮ್ಮ ಭಾಷೆ

ಈಗ ಕಂಪ್ಯೂಟರ್ ವಿಷಯ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪದಗಳನ್ನು ಎಣಿಸುವ ತಂತ್ರಾಂಶ ಮಾಡಿದರು. ಅದು ಇಂಗ್ಲಿಷಿನಲ್ಲಿ ಬಹಳ ಬಳಕೆಯಲ್ಲಿದೆ. ಖಿನ್ನತೆ ಇರುವವರು ಇಂಗ್ಲಿಷಿನಲ್ಲಿ "ನಾನು" ಎಂಬ ಪದವನ್ನು ಸ್ವಲ್ಪ ಜಾಸ್ತಿ ಬಳಸುತ್ತಾರೆ ಎಂಬುದು ಈ ದಾರಿಯಿಂದ ಬಂದ ಹೆಸರಾದ ತಿಳುವಳಿಕೆ.

ಇದನ್ನು ಹಾಗೆಯೇ ನಮ್ಮಲ್ಲಿಗೆ ತಂದರೆ ಏನಾಗುತ್ತದೆ? ಕನ್ನಡದಲ್ಲಿ "ನಾನು" ಹೇಳಲೇಬೇಕಿಲ್ಲ. "ಹೋದೆ, ನೋಡಿದೆ, ಸುಮ್ಮನೆ ಬಂದೆ." ಮೂರು ಸಲ ನಾನು ಇದ್ದೇನೆ, ಆದರೆ ಪದವಾಗಿ ಒಮ್ಮೆಯೂ ಇಲ್ಲ, ಎಲ್ಲ ಕ್ರಿಯಾಪದದ ಬಾಲದಲ್ಲಿ. ಅದೇ ಮನುಷ್ಯ ಮಲಯಾಳಕ್ಕೆ ತಿರುಗಿದರೆ ಆ ಬಾಲವೂ ಇಲ್ಲ. ಞಾನ್ ಪೋಯಿ, ಅವನ್ ಪೋಯಿ, ಎರಡಕ್ಕೂ "ಪೋಯಿ". ಯಾರು ಹೋದದ್ದು ಎಂದು ಹಿಂದುಮುಂದಿನ ಮಾತಿನಿಂದ ತಿಳಿಯಬೇಕು. ಅದರ ಮೇಲೆ, ನಮ್ಮ ಅಕ್ಕ ತನ್ನ ಬಗ್ಗೆಯೇ "ನಮ್ಮನ್ನು ಕೇಳುವವರು ಯಾರಿದ್ದಾರೆ" ಎಂದರು. ಎಣಿಸುವ ಯಂತ್ರ ಅದನ್ನು "ನಾವು" ಎಂಬ ಡಬ್ಬಿಗೆ ಹಾಕುತ್ತದೆ, ಜೊತೆಗಾರರು ಇದ್ದಾರೆ ಎಂದು ಲೆಕ್ಕ ಬರೆಯುತ್ತದೆ. ಆ ಮಾತಿನಲ್ಲಿ ಇರುವುದು ಒಂಟಿತನ.

"ನಾವು" ಎಂಬುದರಲ್ಲೇ ಇನ್ನೂ ಒಂದು ಪದರ ಇದೆ. ತುಳುವಿನಲ್ಲಿ ಎದುರಿಗಿರುವವರನ್ನು ಸೇರಿಸಿಕೊಂಡರೆ "ನಮ", ಬಿಟ್ಟರೆ "ಎಂಕುಲು". ಗಂಡ ಹೆಂಡತಿ ಒಟ್ಟಿಗೆ ಬಂದು ಕೂತ ಕಡೆ, ಗಂಡನ ಕಡೆ ತಿರುಗಿ ಹೆಂಡತಿ ತವರಿನವರ ಲೆಕ್ಕದಲ್ಲಿ "ಎಂಕುಲು" ಎಂದರೆ ಒಂದು ಗೋಡೆ ಎದ್ದಿತು ಅಂತ ಅರ್ಥ. ಸಮಾಲೋಚಕರು "ನಮ ತೂಕ" ಎಂದರೆ, ನಾವು ಮೂವರೂ ಸೇರಿ ನೋಡುವ ಎಂಬ ಕೈಚಾಚು ಅದರಲ್ಲೇ ಇದೆ. ಕನ್ನಡಕ್ಕೆ ತಂದ ಕೂಡಲೇ ಎರಡೂ "ನಾವು" ಆಗುತ್ತದೆ, ಗೋಡೆಯೂ ಇಲ್ಲ, ಕೈಯೂ ಇಲ್ಲ.

ಭಾಷೆ ಬದಲಿಸುವ ಜಾಗವೂ ಹಾಗೆಯೇ. ಕನ್ನಡದಲ್ಲಿ ಕಥೆ ಹೇಳುತ್ತಿದ್ದವರು ತಟ್ಟನೆ "ಮಂಡೆಬೆಚ್ಚ ಆಪುಂಡು" ಎಂದು ತುಳುವಿಗೆ ಇಳಿದರೆ, ಆ ಇಳಿತವನ್ನು ಬರಹದಲ್ಲಿ ಗುರುತು ಮಾಡಲೇಬೇಕು. ತಲೆಬಿಸಿ, ಟೆನ್ಶನ್ ಎಂದು ಅನುವಾದ ಮಾಡಿ ಮುಂದೆ ಹೋದರೆ ಅವರು ಎಲ್ಲಿ ಮನೆಯೊಳಗೆ ಕಾಲಿಟ್ಟರು ಎಂಬುದೇ ಅಳಿಸಿಹೋಗುತ್ತದೆ. ನಾನು ಈಗ ಬರೆಯುವಾಗ ಪ್ರತಿ ಭಾಷೆಗೂ ಬೇರೆ ಬಣ್ಣ ಕೊಡುತ್ತೇನೆ. ಪುಟ ನೋಡಿದ ಕೂಡಲೇ ಮಾತು ಎಲ್ಲಿ ತಿರುಗಿತು ಎಂದು ಕಾಣುತ್ತದೆ.

ಮಾತನ್ನು ತಾನೇ ಬರಹ ಮಾಡುವ ತಂತ್ರಾಂಶಗಳನ್ನೂ ಪ್ರಯತ್ನಿಸಿದ್ದೇನೆ, ನನ್ನದೇ ಧ್ವನಿಯಲ್ಲಿ, ನನ್ನದೇ ಮಾತು. ಪೇಪರ್ ಓದಿದ ಹಾಗೆ ಓದಿದರೆ ಚೆನ್ನಾಗಿಯೇ ಬರೆಯಿತು. ಮನೆಯ ಮಾತಿಗೆ ಬಂದಾಗ "ಹಾಂ" ಎಲ್ಲ ಹೋಯಿತು, ಹವ್ಯಕ ಪದಗಳು ಯಾವುದೋ ಕನ್ನಡ ಪದಗಳಾದವು, ಮೌನಕ್ಕೆ ಗುರುತೇ ಇಲ್ಲ. ಮೊದಲ ಕರಡಿಗೆ ಸಹಾಯವಾದೀತು. ಅದನ್ನು ನಂಬಿ ವಿಶ್ಲೇಷಣೆ ಮಾಡಬಾರದು.

ಸಣ್ಣ ಊರು, ಯಾರದೋ ಮಾತು

ಕೊನೆಯದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಗೆ ಬಂದವರಿಗೆ ಗೋಪ್ಯತೆಯ ಹಕ್ಕು ಇದೆ. ಸಂಶೋಧನೆಗೆ ಒಪ್ಪಿಗೆ ಪಡೆದು, ಹೆಸರು ತೆಗೆದು ಬಳಸುತ್ತಾರೆ. ದೊಡ್ಡ ಪೇಟೆಯಲ್ಲಿ ಹೆಸರು ತೆಗೆದರೆ ಬಹುಮಟ್ಟಿಗೆ ಸಾಕು. ನಮ್ಮಲ್ಲಿ ಸಾಕಾಗುವುದಿಲ್ಲ. ತೋಟ ಮಾರಿದ ಅಣ್ಣ, ಕಾಗದ ಅಚ್ಚಾದ ಮೇಲೆ ಗೊತ್ತಾದ ಮದುವೆ, ಇಂಥ ಭಾಷೆ ಮಾತಾಡುವ ಮನೆ. ಇಷ್ಟು ಸಿಕ್ಕಿದರೆ ಹತ್ತು ಮೈಲಿನ ಒಳಗೆ ಯಾರಾದರೂ "ಓ, ಅವರು" ಎಂದು ಹೇಳಿಬಿಡುತ್ತಾರೆ. ಇಲ್ಲಿ ಪೇಟೆಯಲ್ಲಿ ಗೊತ್ತಾಗುವುದು ಎಂದರೆ ಏನು ಎಂದು ಆ ಅಕ್ಕನೇ ಹೇಳಿದ್ದಾರಲ್ಲ.

ಹಾಗಾಗಿ ತೋಟವನ್ನು ಅಂಗಡಿ ಮಾಡಬೇಕಾಗುತ್ತದೆ, ಅಣ್ಣನನ್ನು ಚಿಕ್ಕಪ್ಪ ಮಾಡಬೇಕಾಗುತ್ತದೆ. ಆದರೆ "ಅಂತೆ"ಯನ್ನು, ಮೂರು ಸೆಕೆಂಡನ್ನು, "ಬೇಜಾರು ಅಂತಲ್ಲ" ಎಂಬುದನ್ನು ಮುಟ್ಟಬಾರದು. ಯಾವುದು ಬದಲಿಸಬಹುದು, ಯಾವುದು ಬಾರದು ಎಂದು ತೀರ್ಮಾನಿಸಲು ಆ ಊರಿನ ಮಾತು ಬಲ್ಲವರೇ ಬೇಕು. ಸಾಧ್ಯವಾದರೆ ಮಾತಾಡಿದವರಿಗೇ ಆ ಪುಟವನ್ನು ತೋರಿಸಬೇಕು. ಒಪ್ಪಿಗೆಯನ್ನೂ ಒಂದು ಸಲ ಸಹಿ ಹಾಕಿಸಿ ಮುಗಿಸಬಾರದು. ಭೇಟಿಯ ಕೊನೆಗೆ ಮತ್ತೆ ಕೇಳಬೇಕು, ಅವರ ಭಾಷೆಯಲ್ಲಿ: ಇವತ್ತು ಮಾತಾಡಿದ್ದು ಇದರಲ್ಲಿ ಇರಲಾ, ಬೇಡವಾ? ಅದಕ್ಕೆ ಅವರು ಸ್ವಲ್ಪ ತಡೆದು "ಇರ್ಲಿ, ತೊಂದರೆ ಇಲ್ಲ" ಎಂದರೆ, ಆ ತಡೆದ ಸೆಕೆಂಡುಗಳನ್ನೂ ಉತ್ತರದ ಲೆಕ್ಕಕ್ಕೆ ಹಿಡಿದು, ಇನ್ನೊಮ್ಮೆ ಕೇಳಿ, ಅಳಿಸಬೇಕಾದರೆ ಅವರ ಎದುರೇ ಅಳಿಸಬೇಕು.